ರದ್ದಾದ ಚೀಟಿ

ಅರಸೀಕೆರೆ, ಸಂತೆಬೀದಿಯ ತಿರುವು.
ಔಷಧಿ ಅಂಗಡಿ ಅನ್ನುತ್ತಾರೆ ಎಲ್ಲರೂ,
ಕೊಲ್ಲುವುದಕ್ಕೂ ಅದೇ ಹೆಸರು ನಮ್ಮಲ್ಲಿ.
ಹದಿನೇಳು ವರ್ಷದಿಂದ ಬಿಲ್ಲು ಬರೆಯುವವಳು ನಾನು.
ಡಬ್ಬಿಯ ಮೈಮೇಲೆ ತ್ರಿಕೋನ: ಕೆಂಪು, ಹಳದಿ, ನೀಲಿ, ಹಸಿರು.
ಎಷ್ಟು ವಿಷವೆಂದು ಬಣ್ಣ ಹೇಳುತ್ತದೆ,
ಎಷ್ಟು ರೂಪಾಯಿಯೆಂದು ನಾನು.
ಸಂಜೆ ಷಟರು ಎಳೆದ ಮೇಲೂ
ಸೆರಗಲ್ಲಿ ಆ ಘಾಟು ಕೂತೇ ಬರುತ್ತದೆ,
ಮನೆಯ ಬೆಕ್ಕು ಮೂಸಿ ಹಿಂದೆ ಸರಿಯುತ್ತದೆ.

ಹಿತ್ತಲಲ್ಲಿ ಎರಡು ಸಾಲು ಅಲಸಂದೆ,
ಒಡಕು ಬಕೆಟ್ಟಿನಲ್ಲೊಂದು ಕರಿಬೇವು.
ಈ ಸಲ ಎಳೆಗುಡಿಗೆಲ್ಲ ಹೇನು,
ಕರಿಎಳ್ಳು ಅಂಟಿಸಿದ ಹಾಗೆ.
‘ಅಂಗಡೀಲೇ ಇರ್ತೀಯ,
ಒಂದು ಮುಚ್ಚಳ ತಂದು ಹೊಡೀಬಾರದಾ?’ ಅಂದರು ಇವರು.
ತರಬಹುದಿತ್ತು.
ಕಂಪನಿಯವನು ಕೊಟ್ಟ ಸ್ಯಾಂಪಲ್ಲು ಡ್ರಾಯರಿನಲ್ಲೇ ಇದೆ.
ಆದರೆ ಪುಟ್ಟಿ, ಕಾಯಿ ಕಿತ್ತಲ್ಲೇ ತಿನ್ನುವವಳು.
ತೊಳಿ ಅಂದರೆ ಲಂಗಕ್ಕೆ ಒರೆಸುತ್ತಾಳೆ.

ರೈಲ್ವೆ ಕ್ವಾರ್ಟರ್ಸಿನ ಜೈತುನಬಿ
ಕಾಂಪೌಂಡಿನ ಆಚೆಯಿಂದಲೇ ಪಾಠ ಮಾಡಿದಳು:
ಬೇವಿನ ಬೀಜ ಕುಟ್ಟು, ಹಳೇ ಬಟ್ಟೇಲಿ ಗಂಟು ಕಟ್ಟು,
ರಾತ್ರಿಯಿಡೀ ನೆನೀಲಿ.
ಬೆಳಿಗ್ಗೆ ಹಿಂಡು, ಹಾಲಿನ ಬಣ್ಣ ಬರೋವರೆಗೂ.
ಚೂರೇ ಚೂರು ಸೋಪು, ಇಲ್ದಿದ್ರೆ ಎಲೆ ಮೇಲೆ ನಿಲ್ಲಲ್ಲ.
ಬಿಸಿಲು ಇಳಿದ ಮೇಲೆ ಹೊಡಿ,
ಎಲೆ ಅಡಿಗೆ ಹೊಡಿ.
ಕಳ್ಳ ಮಂಚದ ಮೇಲೆ ಮಲಗಿರ್ತಾನಾ?

ನಾನೋ, ಒಂದು ಹಿಡಿ ಸೋಪಿನ ಪುಡಿಯನ್ನೇ ಸುರಿದೆ.
ಮೂರನೇ ದಿನಕ್ಕೆ ಎಲೆಯಂಚೆಲ್ಲ ಸುಟ್ಟು
ಕೆಂಡದ ಮೇಲಿನ ಹಪ್ಪಳ.
‘ಬಟ್ಟೆ ಒಗಿಯಕ್ಕೆ ಹೇಳಿದ್ನಾ?’
ಅವಳು ನಕ್ಕ ನಗುವಿಗೆ
ಗೂಡ್ಸ್ ಗಾಡಿಯ ಸದ್ದೂ ಅಡಗಿತು.

ಉಳಿದದ್ದು ಬೆರಳು.
ರಾತ್ರಿ ಊಟವಾದ ಮೇಲೆ ಟಾರ್ಚು ಬಾಯಲ್ಲಿ ಕಚ್ಚಿ
ಒಂದೊಂದೇ ಕುಡಿ ಹಿಡಿದು ಹೊಸಕುತ್ತೇನೆ.
ಇರುವೆಗಳು ಬಂದು ಜಗಳಕ್ಕೆ ನಿಲ್ಲುತ್ತವೆ.
ಹೇನಿನ ಸಿಹಿ ಅವಕ್ಕೆ ಬೇಕು,
ದನ ಕಾಯುವ ಹಾಗೆ ಕಾಯುತ್ತವೆ.
ಬುಡಕ್ಕೆ ಬೂದಿಯ ಗೆರೆ ಎಳೆದೆ.
ಎರಡು ದಿನ ಸುತ್ತಿ ಸುತ್ತಿ ಸೋತವು,
ಮೂರನೆಯ ದಿನ ಗಾಳಿ ಒಂದು ಒಣಕಡ್ಡಿ ಬೀಳಿಸಿತ್ತು.
ಸಾಲಾಗಿ, ಸೇತುವೆ ದಾಟಿ, ಕೆಲಸಕ್ಕೆ ಹಾಜರು.

ಆಮೇಲೆ ಯಾರೂ ಕರೆಯದೆ ಬಂದದ್ದು ಗುಲಗಂಜಿ ಹುಳು.
ಕೆಂಪು ಬೆನ್ನು, ಕರಿ ಚುಕ್ಕಿ, ಸದ್ದಿಲ್ಲದ ಹಸಿವು.
ಅದರ ಮರಿ ಮಾತ್ರ ಮೊಸಳೆಯ ಹಾಗೆ ವಿಕಾರ.
ಗೊತ್ತಾಗುವಷ್ಟರಲ್ಲಿ
ಮೂರನ್ನು ಹೊಸಕಿಬಿಟ್ಟಿದ್ದೆ.
ಆ ರಾತ್ರಿ ಕೈ ತೊಳೆದೆ, ಮತ್ತೊಮ್ಮೆ ತೊಳೆದೆ.
ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯಂತೆ ಕೂತ ಹುಳ
ಚಿಟ್ಟೆಯಾಗುವುದಂತೆ. ಪುಟ್ಟಿ ಹೇಳಿದಳು.
ಒಂದು ಕೊಂಬೆ ಅದಕ್ಕೆ ಬಿಟ್ಟೆ.
ಒಗ್ಗರಣೆಗೆ ಉಳಿದದ್ದು ಸಾಕು.

ಮೊನ್ನೆ ಸಂತೆಯ ದಿನ ಕಣಕಟ್ಟೆ ಕಡೆಯ ಹೆಂಗಸು,
ಮುತ್ತುಗದೆಲೆಯಲ್ಲಿ ಸುತ್ತಿ ತಂದಿದ್ದಳು ಒಂದು ಕುಡಿ.
‘ಇದ್ಕೇನು ಹೊಡೀಬೇಕವ್ವ? ಮನೆ ಮಟ್ಟಿಗೆ, ಎಲ್ಡೇ ಸಾಲು.’
ಅದೇ ಕರಿಎಳ್ಳು.
ಓನರು ಟೀಗೆ ಹೋಗಿದ್ದರು.
ನನ್ನ ಕೈ ಅಭ್ಯಾಸಬಲದಿಂದ
ಹಳದಿ ತ್ರಿಕೋನದವರೆಗೂ ಹೋಗಿ ನಿಂತಿತು.
‘ಬೇವಿನ ಮರ ಐತಾ ನಿಮ್ಮೂರಲ್ಲಿ?’
‘ಕಟ್ಟೇಲೈತೆ.’

ಬಿಲ್ಲಿನ ಹಿಂಬದಿಗೆ ಬರೆದೆ:
ಬೀಜ, ಗಂಟು, ಹಾಲಿನ ಬಣ್ಣ, ಸೋಪು ಚೂರೇ.
ಕೆಳಗೆ ಗೆರೆ ಎಳೆದು: ಎಲೆಯ ಅಡಿಗೆ.
ಅವಳಿಗೆ ಓದು ಬರದು, ಮಗ ಓದಿಯಾನು.
ಸೆರಗಿನ ತುದಿಗೆ ಗಂಟು ಹಾಕುವಾಗ ನೋಡಿದೆ,
ಅವಳ ಹೆಬ್ಬೆರಳಿನ ಉಗುರ ಸಂದಿಯಲ್ಲೂ ಹಸಿರು.

ಸಂಜೆ ಲೆಕ್ಕ ತಾಳೆ ನೋಡುವಾಗ
ನಾಲ್ಕುನೂರ ಹನ್ನೆರಡು ಎಲ್ಲಿ, ಅಂದರು ಓನರು.
‘ತಪ್ಪಾಯ್ತು, ಹರಿದುಹಾಕಿದೆ’ ಅಂದೆ,
ಅಡಿಚೀಟಿಯ ಮೇಲೆ ಅಡ್ಡಗೆರೆ ಎಳೆದು
ನೀಲಿ ಶಾಯಿಯಲ್ಲಿ ಬರೆದೆ:
ರದ್ದು.